ಪಡುವಣ ಗೋಡೆ, ಪೊಟ್ಯಾಶ್ ಮತ್ತು ಸಿಲಿಕೋನ್: ಒಂಬತ್ತು ತಿಂಗಳ ಕೆಲಸದ ಲೆಕ್ಕ

ನಮ್ಮ ಮನೆಯ ಪಡುವಣ ಗೋಡೆ ಮಳೆಗಾಲದಲ್ಲಿ ನೀರು ಕುಡಿಯುತ್ತದೆ. ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ, ಗುಡ್ಡದ ಪಡುವಣ ಇಳಿಜಾರಿನಲ್ಲಿ ಮನೆ ಇದೆ. ಮಳೆ ಇಲ್ಲಿ ಮೇಲಿಂದ ಬೀಳುವುದಿಲ್ಲ, ಅಡ್ಡಡ್ಡ ಬಂದು ಹೊಡೆಯುತ್ತದೆ. ಜೂನ್ ಮೂರನೇ ವಾರಕ್ಕೆ ಗೋಡೆಯ ಒಳಮೈಯಲ್ಲಿ ಕಪ್ಪು ಚುಕ್ಕೆ ಶುರುವಾಗುತ್ತದೆ. ಕಕ್ಕಡ ತಿಂಗಳು (ಜುಲೈ ನಡುವಿನಿಂದ) ಬರುವಷ್ಟರಲ್ಲಿ ಅವ್ವನ ಕೋಣೆಯ ಬೀರುವನ್ನು ಗೋಡೆಯಿಂದ ಒಂದಡಿ ಈಚೆ ಎಳೆಯಬೇಕು. ಇಲ್ಲದಿದ್ದರೆ ಸೀರೆಗಳಿಗೆಲ್ಲ ಬೂಷ್ಟು.

ಮೂವತ್ತು ವರ್ಷ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿದ್ದೇನೆ. ನಿವೃತ್ತಿಯಾದ ಮೇಲೆ ಈ ಗೋಡೆಯನ್ನು ನಾನೇ ಸರಿಮಾಡಬೇಕು ಅಂತ ಹಟ ಹಿಡಿದೆ. ಮಾಡಿದ್ದು, ಕೆಟ್ಟಿದ್ದು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ. ಇಡೀ ಕೆಲಸದಲ್ಲಿ ಒಂದೇ ವಿಷಯ ನನ್ನನ್ನು ಮತ್ತೆ ಮತ್ತೆ ಹಿಡಿದು ನಿಲ್ಲಿಸಿತು. ಸಿಲಿಕೋನ್ ಅಂದರೆ ಸಿಲಿಕಾನ್ ಮತ್ತು ಆಮ್ಲಜನಕ ಸಾಲಾಗಿ ಕೊಂಡಿ ಹಾಕಿಕೊಂಡ ಸರಪಳಿ. ಆ ಕೊಂಡಿಯನ್ನು ಕ್ಷಾರ ಬಿಡಿಸುತ್ತದೆ. ಕ್ಷಾರ ಸತ್ತರೆ, ಅಂದರೆ ಆಮ್ಲ ತಾಗಿ ಬಲ ಕಳೆದುಕೊಂಡರೆ, ಅದೇ ಕೊಂಡಿ ಮತ್ತೆ ಕೂಡಿಕೊಳ್ಳುತ್ತದೆ. ನನ್ನ ತಪ್ಪುಗಳಲ್ಲಿ ಹಲವು ಇದನ್ನು ಮರೆತಿದ್ದರಿಂದಲೇ ಆದವು.

ಗೋಡೆಯ ಅಳತೆ: ಉದ್ದ 22 ಅಡಿ, ಎತ್ತರ 11 ಅಡಿ. ನಾಲ್ಕಡಿಗೆ ಮೂರೂವರೆ ಅಡಿಯ ಎರಡು ಮರದ ಕಿಟಕಿ. ಮೇಲಿನ 8 ಅಡಿ ಸುಣ್ಣದ ಗಾರೆಯಲ್ಲಿ ಕಟ್ಟಿದ ಹಳೇ ಇಟ್ಟಿಗೆ, ಪ್ಲಾಸ್ಟರ್ ಇಲ್ಲ. ಕೆಳಗಿನ 3 ಅಡಿ ಸಿಮೆಂಟ್ ಪ್ಲಾಸ್ಟರ್. ಕಿಟಕಿ ಬಿಟ್ಟು ಇಟ್ಟಿಗೆ 148 ಚದರಡಿ, ಪ್ಲಾಸ್ಟರ್ 66 ಚದರಡಿ.

ಹಂತ 1. ಜನವರಿ 11–19: ಹಳೇ ಸೀಲೆಂಟ್ ಕೀಳುವುದು

ಎರಡು ವರ್ಷದ ಹಿಂದೆ ಕಿಟಕಿಯ ಸುತ್ತ, ಚೌಕಟ್ಟಿಗೂ ಗೋಡೆಗೂ ನಡುವೆ, ಗಾಜಿನ ಅಂಚಿಗೂ, ಸಂದು ಮುಚ್ಚುವ ಸಿಲಿಕೋನ್ ಸೀಲೆಂಟ್ ಹಾಕಿದ್ದೆ. ಅಂಗಡಿಯಲ್ಲಿ ಕೊಟ್ಟ ಟ್ಯೂಬ್ ತಂದು ಹಾಕಿದ್ದು. ಹಾಕುವಾಗ ಘಾಟು ವಿನೆಗರ್ ವಾಸನೆ. ಆಗಲೇ ನಿಲ್ಲಿಸಬೇಕಿತ್ತು. ಆ ಜಾತಿಯ ಸೀಲೆಂಟ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಗಾಜಿಗೆ ಅದು ಚೆನ್ನಾಗಿ ಹಿಡಿಯುತ್ತದೆ. ಸಿಮೆಂಟಿನಲ್ಲಿ ಸುಣ್ಣ ಇದೆಯಲ್ಲ, ಆಮ್ಲ ಹೋಗಿ ಅದನ್ನು ತಿನ್ನುತ್ತದೆ. ಮೊದಲ ಮಳೆಗಾಲಕ್ಕೇ ಪಟ್ಟಿ ಎದ್ದು ಬಂತು. ಈಗ ಬೆರಳಲ್ಲಿ ಎಳೆದಾಗ ಅದರ ಬೆನ್ನಿಗೆ ಬಿಳಿ ಪುಡಿ ಅಂಟಿತ್ತು, ವಿಭೂತಿ ಸವರಿದ ಹಾಗೆ. ಸುಣ್ಣವೂ ಆಮ್ಲವೂ ಸೇರಿ ಆದ ಉಪ್ಪು ಅದು. ಸೀಲೆಂಟ್ ಹಿಡಿದದ್ದು ಆ ಪುಡಿಯನ್ನು, ಗೋಡೆಯನ್ನಲ್ಲ.

ಗೋಡೆಯ ಕಡೆಯದ್ದು ಬ್ಲೇಡಿನಲ್ಲಿ ಹೋಯಿತು. ಗಾಜಿಗೆ ಹಿಡಿದದ್ದು ಮಾತ್ರ ಕದಲಲಿಲ್ಲ. ನಾಲ್ಕು ಗಾಜುಗಳನ್ನು ಬಿಚ್ಚಿ ತಂದು ಒಂದೊಂದಾಗಿ ನೋಡಿದೆ.

ವಿನೆಗರ್, ಒಂದು ರಾತ್ರಿ: ಏನೂ ಇಲ್ಲ.

ಸೀಮೆಎಣ್ಣೆ, 24 ಗಂಟೆ: ಸೀಲೆಂಟ್ ನೀರಲ್ಲಿ ನೆನೆದ ಕಡಲೆಯ ಹಾಗೆ ಉಬ್ಬಿತು. ಸ್ವಲ್ಪ ಕಿತ್ತು ಬಂತು. ಉಳಿದದ್ದು ಒಣಗಿದ ಮೇಲೆ ಮತ್ತೆ ಮೊದಲಿನಷ್ಟೇ ಆಯಿತು. ಉಬ್ಬಿದ್ದಷ್ಟೇ, ಕರಗಿರಲಿಲ್ಲ.

ನೀರಿನಲ್ಲಿ ಕರಗಿಸಿದ ಕಾಸ್ಟಿಕ್ ಪೊಟ್ಯಾಶ್ (ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ಎಂಬ ಕ್ಷಾರ), ನೂರಕ್ಕೆ ಹತ್ತು, ಒಂದು ರಾತ್ರಿ: ಏನೂ ಇಲ್ಲ. ಇದು ನನಗೆ ಅಚ್ಚರಿ ತಂದಿತು. ಕ್ಷಾರ ಅಷ್ಟು ಬಲವಾಗಿತ್ತು. ಆದರೆ ಸಿಲಿಕೋನ್ ಮೇಲೆ ನೀರು ನಿಲ್ಲುವುದೇ ಇಲ್ಲ, ಕೆಸುವಿನ ಎಲೆಯ ಮೇಲಿನ ಹನಿಯ ಹಾಗೆ ಜಾರುತ್ತದೆ. ಹತ್ತಿರ ಹೋಗದೆ ಕೊಂಡಿ ಬಿಡಿಸುವುದು ಹೇಗೆ?

ನಾಲ್ಕನೇ ಸಲ ಲ್ಯಾಬಿನಲ್ಲಿ ಗ್ರೀಸ್ ಹತ್ತಿದ ಗಾಜು ತೊಳೆಯುವ ಹಳೇ ದಾರಿ ಹಿಡಿದೆ. ಐಸೊಪ್ರೊಪೈಲ್ ಆಲ್ಕೋಹಾಲ್ 500 ಮಿಲಿ, ಕಾಸ್ಟಿಕ್ ಪೊಟ್ಯಾಶ್ 40 ಗ್ರಾಂ, ನೀರು 25 ಮಿಲಿ. ದಪ್ಪ ಪಾಲಿಥೀನ್ ಡಬ್ಬ. ಪೊಟ್ಯಾಶ್ ಬಿಲ್ಲೆಗಳನ್ನು ಮೊದಲು ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಿ, ಬಿಸಿ ಆರಿದ ಮೇಲೆ ಆಲ್ಕೋಹಾಲ್ ಸೇರಿಸಿದೆ. ಎಲ್ಲ ಕರಗಲು ಅರ್ಧ ದಿನ ಬೇಕಾಯಿತು.

ಗಾಜು ಮುಳುಗಿಸಿ ನಾಲ್ಕು ಗಂಟೆಯಾದ ಮೇಲೆ ಕೈಗವಸಿನ ಬೆರಳಿನಿಂದ ಮುಟ್ಟಿದೆ. ಸೀಲೆಂಟಿನ ಮೇಲ್ಮೈ ಬೆಂಡೆಕಾಯಿ ಲೋಳೆಯಷ್ಟು ಜಾರುತ್ತಿತ್ತು. ಮಾರನೇ ಬೆಳಿಗ್ಗೆ ಪಟ್ಟಿ ತಾನಾಗಿ ಜಾರಿ ಕೆಳಗೆ ಬಿದ್ದಿತ್ತು. ಉಳಿದ ತೆಳು ಪೊರೆ ಹಳೇ ಬ್ರಶ್ಶಿಗೆ ಹೋಯಿತು.

ಆಲ್ಕೋಹಾಲ್ ಕ್ಷಾರವನ್ನು ಸಿಲಿಕೋನಿನ ಹತ್ತಿರಕ್ಕೆ ಕರೆದುಕೊಂಡು ಹೋಗುತ್ತದೆ. ಮುಂದಿನ ಕೆಲಸ ಸಿಲಿಕಾನ್ ಪರಮಾಣುವಿನದ್ದು. ಇಂಗಾಲಕ್ಕೆ ನಾಲ್ಕು ಕೈ, ಐದನೆಯದಕ್ಕೆ ಜಾಗ ಇಲ್ಲ. ಸಿಲಿಕಾನ್ ಅದಕ್ಕಿಂತ ದೊಡ್ಡದು. ಹೈಡ್ರಾಕ್ಸೈಡ್ ಬಂದರೆ ಐದನೇ ಕೈ ಚಾಚಿ ಅದನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಒಂದು ಆಮ್ಲಜನಕದ ಕೈ ಬಿಡುತ್ತದೆ. ಸರಪಳಿ ಅಲ್ಲಿ ತುಂಡು. ತುಂಡಾದ ತುದಿಯಲ್ಲಿ ಆಮ್ಲಜನಕದ ಪಕ್ಕ ಪೊಟ್ಯಾಸಿಯಮ್ ಕೂತಿರುತ್ತದೆ. ಆ ತುದಿ ಇನ್ನೊಂದು ಸರಪಳಿಯನ್ನು ಕಚ್ಚಬಹುದು. ಬಿಸಿಯಿದ್ದರೆ ತನ್ನದೇ ಸರಪಳಿಯನ್ನು ಹಿಂದೆ ತಿರುಗಿ ಕಚ್ಚಿ ನಾಲ್ಕು ಸಿಲಿಕಾನಿನ ಉಂಗುರವನ್ನು ಬಿಡಿಸಿಕೊಳ್ಳಬಹುದು. ಇಷ್ಟೆಲ್ಲ ಆದರೂ ಸಿಲಿಕಾನಿಗೆ ಅಂಟಿದ ಮೀಥೈಲ್‌ಗಳು (ಒಂದು ಇಂಗಾಲ, ಮೂರು ಹೈಡ್ರೋಜನ್‌ನ ಚಿಕ್ಕ ಗುಂಪುಗಳು) ಅಲ್ಲಾಡುವುದಿಲ್ಲ. ಬರೀ ಇಂಗಾಲದ ಸರಪಳಿಯಿಂದ ಆದ ಪಾಲಿಥೀನ್ ಡಬ್ಬಕ್ಕೂ ಏನೂ ಆಗುವುದಿಲ್ಲ.

ತಪ್ಪು, ಮತ್ತು ಇದು ದೊಡ್ಡದು: ಒಂದು ಗಾಜಿನ ಅಂಚಿನಲ್ಲಿ ಅಲ್ಯೂಮಿನಿಯಂ ಕ್ಲಿಪ್ ಉಳಿದಿತ್ತು. ನೋಡದೆ ಡಬ್ಬಕ್ಕೆ ಹಾಕಿ ಮುಚ್ಚಳ ಬಿಗಿದೆ. ಡಬ್ಬ ಇಟ್ಟದ್ದು ಹಿಂದಿನ ಜಗಲಿಯಲ್ಲಿ, ಸ್ನಾನದ ಹಂಡೆಯ ಒಲೆಯಿಂದ ಎಂಟು ಹತ್ತು ಅಡಿ ದೂರ. ಸಂಜೆ ಬಂದು ನೋಡುತ್ತೇನೆ, ಮುಚ್ಚಳ ಉಬ್ಬಿ ಗುಮ್ಮಟದ ಹಾಗಾಗಿದೆ. ಅಲ್ಯೂಮಿನಿಯಂ ಕ್ಷಾರದಲ್ಲಿ ಕರಗಿ ಹೈಡ್ರೋಜನ್ ಬಿಡುತ್ತದೆ. ಒಳಗೆ ಹೈಡ್ರೋಜನ್, ಜೊತೆಗೆ ಆಲ್ಕೋಹಾಲಿನ ಆವಿ, ಪಕ್ಕದಲ್ಲಿ ಉರಿಯುವ ಒಲೆ. ಮೊದಲು ಒಲೆಯ ಬೆಂಕಿ ಆರಿಸಿದೆ. ಆಮೇಲೆ ಡಬ್ಬವನ್ನು ಎತ್ತಿ ಕಾಫಿ ಕಣದ ಮಧ್ಯಕ್ಕೆ ಒಯ್ದು, ಮುಖ ತಿರುಗಿಸಿಕೊಂಡು ಮುಚ್ಚಳ ಸಡಿಲಿಸಿದೆ. ಯಾರಿಗೂ ಏನೂ ಆಗಲಿಲ್ಲ. ಈ ಕೆಲಸ ಮಾಡುವವರು ಬಯಲಲ್ಲೇ ಮಾಡಿ, ಬೆಂಕಿ ಎಲ್ಲೂ ಇರಬಾರದು, ಲೋಹ ಒಂದು ಚೂರೂ ಇರಬಾರದು. ಕಣ್ಣಿಗೆ ಕನ್ನಡಕ ಬೇಕೇ ಬೇಕು.

ಮುಗಿದ ದ್ರಾವಣವನ್ನು ಚೆಲ್ಲುವ ಮೊದಲು ನೀರು ಬೆರೆಸಿ, ವಿನೆಗರ್ ಸ್ವಲ್ಪ ಸ್ವಲ್ಪವೇ ಹಾಕಿ ಕ್ಷಾರ ಕೊಂದೆ. ತಿಳಿಯಾಗಿದ್ದದ್ದು ಒಂದು ಹಂತದಲ್ಲಿ ಇದ್ದಕ್ಕಿದ್ದಂತೆ ಹಾಲಿನ ಹಾಗೆ ಬೆಳ್ಳಗಾಯಿತು. ಒಂದು ಗಂಟೆ ಬಿಟ್ಟರೆ ಮೇಲೆ ಎಣ್ಣೆಯ ಕಣ್ಣುಗಳು, ಕೋಳಿ ಸಾರಿನ ಮೇಲೆ ತೇಲುವ ಹಾಗೆ. ತುಂಡಾಗಿದ್ದ ಸರಪಳಿಗಳು ಪೊಟ್ಯಾಸಿಯಮ್ ಕಳೆದುಕೊಂಡ ಕೂಡಲೇ ನೀರು ಬಿಟ್ಟು ಒಂದಕ್ಕೊಂದು ಸೇರಿ ಸಿಲಿಕೋನ್ ಎಣ್ಣೆಯಾಗಿದ್ದವು. ತಮ್ಮನ ಮಗನನ್ನು ಕರೆದು ತೋರಿಸಿದೆ. ಅವನಿಗಿಂತ ನಾನೇ ಜಾಸ್ತಿ ಹೊತ್ತು ನೋಡುತ್ತ ಕೂತಿದ್ದೆ. ಪುಸ್ತಕದಲ್ಲಿ ಎದುರು ಬದುರು ಎರಡು ಬಾಣ ಹಾಕಿ, ಹಿಂದೆ ಮುಂದೆ ಎರಡೂ ಕಡೆ ನಡೆಯುವ ಕ್ರಿಯೆ ಅಂತ ಬರೆಯುವುದನ್ನು ಮನೆಯ ಜಗಲಿಯಲ್ಲಿ ಕಣ್ಣಾರೆ ಕಂಡದ್ದು ಅದೇ ಮೊದಲು.

ಹಂತ 2. ಫೆಬ್ರವರಿ 2–16: ಇಟ್ಟಿಗೆ ಮೇಲೆ ಪರೀಕ್ಷೆ

ಗೋಡೆಗೆ ಬಳಿಯಲು ಆರಿಸಿದ್ದು ಪೊಟ್ಯಾಸಿಯಮ್ ಮೀಥೈಲ್ ಸಿಲಿಕೋನೇಟ್ ಎಂಬ, ನೀರು ತಡೆಯುವ ದ್ರವ. ಐದು ಲೀಟರ್‌ಗಿಂತ ಚಿಕ್ಕ ಡಬ್ಬ ಸಿಗಲಿಲ್ಲ, ಮೈಸೂರಿನಿಂದ ತರಿಸಿದ್ದಕ್ಕೆ ₹2,100. ಡಬ್ಬದೊಳಗಿನದು ನೋಡಲು ನೀರೇ. ಪಿಎಚ್ 13ರ ಆಸುಪಾಸು, ಅಂದರೆ ತುಂಬ ಬಲವಾದ ಕ್ಷಾರ. ಮೀಥೈಲ್ ಸಿಲಿಕಾನ್ ಸಂಯುಕ್ತಗಳನ್ನು ಅಗ್ಗವಾಗಿ ಮಾಡುವ ದಾರಿಯನ್ನು 1940ರಲ್ಲಿ ಅಮೆರಿಕದ ಯೂಜೀನ್ ರೋಚೋ ಕಂಡುಕೊಂಡರು. ಬಿಸಿ ಸಿಲಿಕಾನ್ ಪುಡಿಯ ಮೇಲೆ, ತಾಮ್ರದ ನೆರವಿನಿಂದ, ಮೀಥೈಲ್ ಕ್ಲೋರೈಡ್ ಹಾಯಿಸುವುದು. ಅದರಿಂದ ಬರುವ ಒಂದು ಸರಕನ್ನು ನೀರಿನಲ್ಲಿ ಒಡೆದು, ಬರುವ ರಾಳವನ್ನು ಪೊಟ್ಯಾಶಿನಲ್ಲಿ ಕರಗಿಸಿದರೆ ಸಿಲಿಕೋನೇಟ್. ಅಂದರೆ ನನ್ನ ಡಬ್ಬದಲ್ಲಿ ಜನವರಿಯಲ್ಲಿ ಆದದ್ದೇ ಇಲ್ಲೂ ಆಗಿದೆ: ಕ್ಷಾರ ಕೊಂಡಿ ಬಿಡಿಸಿ ಇಟ್ಟಿದೆ. ಗೋಡೆಯ ಮೇಲೆ ಕ್ಷಾರ ಸಾಯಬೇಕು, ಕೊಂಡಿ ಕೂಡಬೇಕು. ಅಲ್ಲಿ ವಿನೆಗರ್ ಕೆಲಸವನ್ನು ಗಾಳಿಯ ಇಂಗಾಲದ ಡೈಆಕ್ಸೈಡ್ ಮಾಡುತ್ತದೆ.

ಕೊಳ್ಳುವಾಗ ಒಂದು ಎಚ್ಚರ. ಸಿಲಿಕಾನಿಗೆ ನೇರವಾಗಿ ಹೈಡ್ರೋಜನ್ ಅಂಟಿರುವ ಸಿಲಿಕೋನ್ ದ್ರವವೂ ನೀರು ತಡೆಯಲು ಬಳಕೆಯಲ್ಲಿದೆ. ಅದನ್ನು ಯಾವ ಕಾರಣಕ್ಕೂ ಇದರ ಜೊತೆ ಬೆರೆಸಬೇಡಿ. ಕ್ಷಾರ ತಾಗಿದರೆ ಆ ಹೈಡ್ರೋಜನ್ ಅನಿಲವಾಗಿ ಹೊರಬರುತ್ತದೆ. ಡಬ್ಬದ ಮೇಲಿನ ಹೆಸರನ್ನು ಪೂರ್ತಿ ಓದಿ.

ಹಿತ್ತಲಲ್ಲಿ ಬಿದ್ದಿದ್ದ ಅದೇ ಹಳೇ ಇಟ್ಟಿಗೆಗಳನ್ನು ತಂದು ಒಂದು ವಾರ ಬಿಸಿಲಿಗಿಟ್ಟೆ. ಅಡುಗೆಮನೆ ತಕ್ಕಡಿಯಲ್ಲಿ ತೂಗಿದೆ. ಏನೂ ಬಳಿಯದ ಇಟ್ಟಿಗೆ 2,640 ಗ್ರಾಂ ಇದ್ದದ್ದು ಒಂದು ಗಂಟೆ ನೀರಿನಲ್ಲಿ ಮುಳುಗಿಸಿಟ್ಟ ಮೇಲೆ 3,010 ಗ್ರಾಂ ಆಯಿತು. 370 ಗ್ರಾಂ ನೀರು! ಇಂಥ ಇಟ್ಟಿಗೆಗಳದ್ದೇ ಗೋಡೆಯಾದರೆ ಮೂರು ತಿಂಗಳ ಮಳೆಯಲ್ಲಿ ಇನ್ನೇನಾಗುತ್ತದೆ.

ಒಂದು ಪಾಲು ಸಿಲಿಕೋನೇಟಿಗೆ ಐದು, ಹತ್ತು, ಇಪ್ಪತ್ತು ಪಾಲು ನೀರು ಬೆರೆಸಿ ಮೂರು ಇಟ್ಟಿಗೆಗೆ ಬಳಿದೆ. ಐದು ದಿನ ನೆರಳಲ್ಲಿ ಇಟ್ಟು ಮತ್ತೆ ಮುಳುಗಿಸಿದೆ. ಐದು ಪಾಲಿನದ್ದು 35 ಗ್ರಾಂ ಕುಡಿಯಿತು, ಹತ್ತು ಪಾಲಿನದ್ದು 38, ಇಪ್ಪತ್ತು ಪಾಲಿನದ್ದು 95. ಐದು ಪಾಲಿನ ಇಟ್ಟಿಗೆ ಮೇಲೆ ಬಿಳಿ ಉಪ್ಪು ಕಟ್ಟಿತ್ತು. ಪೊಟ್ಯಾಸಿಯಮ್ ಕಾರ್ಬೊನೇಟ್ ಅದು, ಸತ್ತ ಕ್ಷಾರದ ಹೆಣ ಅನ್ನಬಹುದು. ಹತ್ತು ಪಾಲಿಗೇ ನಿಂತೆ.

ಕೆಟ್ಟ ಪರೀಕ್ಷೆ ಒಂದು. ಇನ್ನೆರಡು ಇಟ್ಟಿಗೆಗೆ ಬಳಿದು, ಮಂಜು ಬೀಳುತ್ತದೆ ಅಂತ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಇಟ್ಟೆ. ಮೂರು ದಿನ ಬಿಟ್ಟು ಬಿಚ್ಚಿದರೆ ಹಸಿ ಹಸಿ. ನೀರು ಹಾಕಿದರೆ ಸೋಪಿನ ಹಾಗೆ ಜಾರುವ ನೀರು ಹರಿದು ಹೋಯಿತು. ಮುಳುಗಿಸಿ ತೂಗಿದರೆ ಬಳಿಯದ ಇಟ್ಟಿಗೆಗೂ ಇದಕ್ಕೂ ವ್ಯತ್ಯಾಸವೇ ಇಲ್ಲ. ಗಾಳಿ ತಾಗದೆ ಕ್ಷಾರ ಸಾಯಲಿಲ್ಲ, ಕೊಂಡಿ ಕೂಡಲಿಲ್ಲ. ಪೇಂಟ್ ಒಣಗುವುದೇ ಬೇರೆ, ಇದೇ ಬೇರೆ. ಇದು ಒಣಗಿದರೆ ಸಾಲದು, ಉಸಿರಾಡಬೇಕು.

ಹಂತ 3. ಫೆಬ್ರವರಿ 20–23: ಕೆಳಗಿನ ಪ್ಲಾಸ್ಟರ್, ಕಿಟಕಿ

ಕೆಳಗಿನ ಮೂರಡಿಯ ಹಳೇ ಪ್ಲಾಸ್ಟರ್ ಬಡಿದರೆ ಟೊಳ್ಳು ಸದ್ದು. ಮೇಸ್ತ್ರಿ ಅದನ್ನು ಕೆತ್ತಿ ಹೊಸದಾಗಿ ಮಾಡಿದರು, ದಿನಕ್ಕೆ ಎರಡು ಹೊತ್ತು ನೀರು ಹಾಯಿಸಿದೆವು. ಕಿಟಕಿಯ ಸುತ್ತ ಈ ಸಲ ಆಮ್ಲ ಬಿಡದ ನ್ಯೂಟ್ರಲ್ ಸೀಲೆಂಟ್, ಮೂರು ಟ್ಯೂಬ್, ₹960. ವಿನೆಗರ್ ವಾಸನೆ ಇಲ್ಲ ಅಂತ ಮೂಗಿನಿಂದಲೇ ಖಚಿತ ಮಾಡಿಕೊಂಡೆ.

ಹಂತ 4. ಮಾರ್ಚ್ 14: ಮೊದಲ ಬಳಿತ, ಮೊದಲ ಮಳೆ

ತೋಟಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ಮದ್ದು) ಹೊಡೆಯುವ ಸ್ಪ್ರೇಯರನ್ನೇ ತೊಳೆದು ಇಟ್ಟುಕೊಂಡೆ. ಮೂರು ಸಲ ತೊಳೆದರೂ ನೀಲಿ ನೀರು ಬರುತ್ತಿತ್ತು, ಐದನೇ ಸಲಕ್ಕೆ ತಿಳಿಯಾಯಿತು. ಮೇಸ್ತ್ರಿ ಡಬ್ಬ ನೋಡಿ, "ಟೀಚರೇ, ಇದು ನೀರಿನ ಹಾಗೇ ಇದೆಯಲ್ಲ. ಇದನ್ನ ಬಳಿದ್ರೆ ಏನಾಗ್ತದೆ?" ಅಂದರು. ಪರೀಕ್ಷೆಯ ಇಟ್ಟಿಗೆ ತಂದು ಮೇಲೆ ಒಂದು ಲೋಟ ನೀರು ಸುರಿದು ತೋರಿಸಿದೆ. ಹನಿಗಳು ಉರುಳಿ ನೆಲಕ್ಕೆ ಬಿದ್ದವು. ಇಟ್ಟಿಗೆಯ ಬಣ್ಣ ಕೂಡ ಬದಲಾಗಲಿಲ್ಲ. ಅವರು ಅದನ್ನು ಕೈಗೆ ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ, ಏನೂ ಹೇಳದೆ ಏಣಿ ಹತ್ತಿದರು.

ಕೆಳಗಿನಿಂದ ಮೇಲಕ್ಕೆ, ಹಸಿ ಇರುವಾಗಲೇ ಇನ್ನೊಂದು ಸಲ. ಇಡೀ ಗೋಡೆಗೆ 8 ಲೀಟರ್ ಹಿಡಿಯಿತು. ಹನ್ನೊಂದು ಗಂಟೆಗೆ ಕೆಲಸ ಮುಗಿಯಿತು. ನನ್ನ ಕೈಗವಸು ಗಿಡ್ಡ, ಮಣಿಕಟ್ಟಿನ ಮೇಲೆ ಎರಡು ಹನಿ ಬಿದ್ದದ್ದು ಗೊತ್ತಾಗಲಿಲ್ಲ. ಹತ್ತು ನಿಮಿಷದ ಮೇಲೆ ಜಾರುವ ಹಾಗೆ ಅನ್ನಿಸಿ ನೋಡಿದರೆ ಚರ್ಮ ಕೆಂಪಾಗಿತ್ತು. ಕಾಲು ಗಂಟೆ ನಲ್ಲಿಯ ಕೆಳಗೆ ಹಿಡಿದೆ. ಗಾಯ ಒಣಗಲು ಒಂದು ವಾರ ಬೇಕಾಯಿತು. ಮೊಣಕೈವರೆಗಿನ ಗವಸು ತೆಗೆದುಕೊಳ್ಳಿ.

ಸಂಜೆ ನಾಲ್ಕೂವರೆಗೆ ಹೂಮಳೆ ಬಂತು. ಒಂದು ಗಂಟೆ ಚೆನ್ನಾಗಿ ಹೊಯ್ದಿತು. ಕಾಫಿಗೆ ಆ ಮಳೆ ಬೇಕೇ ಬೇಕಿತ್ತು. ಹತ್ತು ದಿನದಿಂದ ಎಲ್ಲರೂ ಆಕಾಶ ನೋಡುತ್ತಿದ್ದೆವು, ಅವ್ವ ಜಗಲಿಗೆ ಬಂದು ಕೈ ಮುಗಿದರು. ನಾನು ಛತ್ರಿ ಹಿಡಿದು ಗೋಡೆಯ ಬಳಿ ಹೋಗಿ ನಿಂತೆ. ಗೋಡೆಯ ಬುಡದಲ್ಲಿ ಬಿಳಿ ನೊರೆ. ಐದೂವರೆ ಗಂಟೆ ಸಾಕಾಗಿರಲಿಲ್ಲ. ಡಬ್ಬದ ಮೇಲೆ 24 ಗಂಟೆ ಮಳೆ ತಾಗಬಾರದು ಅಂತ ಬರೆದಿದೆ. ಬೆಳಿಗ್ಗೆ ಬಿಸಿಲು ಇತ್ತು ಅಂತ ಶುರು ಮಾಡಿದ್ದೆ. ಮಾರ್ಚಿನಲ್ಲಿ ಕೊಡಗಿನ ಬೆಳಗಿನ ಬಿಸಿಲನ್ನು ನಂಬಬಾರದು ಅನ್ನುವುದು ಇಲ್ಲೇ ಹುಟ್ಟಿ ಬೆಳೆದ ನನಗೆ ಗೊತ್ತಿರಲೇಬೇಕಿತ್ತು.

ವಾರದೊಳಗೆ ತೋಟವೆಲ್ಲ ಬೆಳ್ಳಗೆ ಹೂವಾಯಿತು. ಗೋಡೆ ಮಾತ್ರ ಮೊದಲಿನ ಹಾಗೇ ನೀರು ಕುಡಿಯುತ್ತಿತ್ತು.

ಹಂತ 5. ಮಾರ್ಚ್ 29 – ಏಪ್ರಿಲ್ 6: ಎರಡನೇ ಬಳಿತ

ಈ ಸಲ ಅಳೆಯುವ ವ್ಯವಸ್ಥೆಯನ್ನೂ ಮಾಡಿಕೊಂಡೆ. ಅರ್ಧ ಇಂಚಿನ ಪಿವಿಸಿ ಎಲ್ಬೋ, ಅದರ ಮೇಲ್ಬಾಯಿಗೆ ತಳ ಕತ್ತರಿಸಿದ 10 ಮಿಲಿ ಸಿರಿಂಜು. ಎಲ್ಬೋದ ಇನ್ನೊಂದು ಬಾಯಿಯನ್ನು ಮಕ್ಕಳು ಆಡುವ ಮೇಣದ ಜೇಡಿಯಿಂದ ಗೋಡೆಗೆ ಒತ್ತಿ ಕೂರಿಸುವುದು. ನೀರು ತುಂಬಿ, ಗಡಿಯಾರ ನೋಡಿಕೊಂಡು ಎಷ್ಟು ಇಳಿಯಿತು ಅಂತ ಬರೆದುಕೊಳ್ಳುವುದು. ಕಲ್ಲು ಕಟ್ಟಡದವರು ಬಳಸುವ ಗಾಜಿನ ನಳಿಗೆಯ ಬಡ ರೂಪ, ಆದರೆ ಕೆಲಸಕ್ಕೆ ಬಂತು. ಬಳಿಯುವ ಮೊದಲು ಇಟ್ಟಿಗೆ 5 ಮಿಲಿ ನೀರನ್ನು 4 ನಿಮಿಷಕ್ಕೆ ಕುಡಿಯಿತು. ಪ್ಲಾಸ್ಟರ್ 11 ನಿಮಿಷಕ್ಕೆ.

29ಕ್ಕೆ ಬಳಿದೆವು. ಮತ್ತೆ 8 ಲೀಟರ್. ಸೂರಿನಿಂದ ಟಾರ್ಪಾಲು ಇಳಿಬಿಟ್ಟೆ, ಗೋಡೆಗೆ ಅಂಟದ ಹಾಗೆ ಎರಡಡಿ ದೂರಕ್ಕೆ ಕಟ್ಟಿ. ಮಳೆ ತಡೆಯಬೇಕು, ಗಾಳಿ ಆಡಬೇಕು. ಎರಡು ದಿನ ಮಳೆ ಬರಲೂ ಇಲ್ಲ.

ಏಪ್ರಿಲ್ 6ಕ್ಕೆ ಸಿರಿಂಜು ಇಟ್ಟೆ. ಇಟ್ಟಿಗೆ: 20 ನಿಮಿಷಕ್ಕೆ 0.2 ಮಿಲಿ. ಪ್ಲಾಸ್ಟರ್: 20 ನಿಮಿಷಕ್ಕೆ 0.3 ಮಿಲಿ. ಮೂರು ಮೂರು ಜಾಗದಲ್ಲಿ ನೋಡಿದೆ, ಹೆಚ್ಚು ಕಡಿಮೆ ಅಷ್ಟೇ. ಅವತ್ತು ರಾತ್ರಿ ನೆಮ್ಮದಿಯಿಂದ ನಿದ್ದೆ ಮಾಡಿದೆ.

ಇಲ್ಲೊಂದು ತಪ್ಪು. ಎಡ ಕಿಟಕಿಯ ಗಾಜಿಗೆ ದಪ್ಪ ಪಾಲಿಥೀನ್ ಅಂಟಿಸಿದ್ದೆ. ಬಲ ಕಿಟಕಿಗೆ ಪಾಲಿಥೀನ್ ಸಾಲದೆ ಪೇಪರ್ ಅಂಟಿಸಿದೆ. ಪೇಪರ್ ನೆನೆದು ಹನಿಗಳು ಗಾಜಿನ ಮೇಲೆ ಒಣಗಿದವು. ಮಾರನೇ ದಿನ ನೋಡಿದರೆ ಅಕ್ಕಿ ಹಿಟ್ಟಿನ ಚುಕ್ಕೆ. ವಿನೆಗರ್, ಬ್ಲೇಡ್, ಕಾರಿನ ಪಾಲಿಶ್ ಎಲ್ಲ ಹಾಕಿ ಉಜ್ಜಿದೆ. ಹೋಗಲಿಲ್ಲ, ಹೋಗುವುದೂ ಇಲ್ಲ. ಗಾಜು ಅಂದರೆ ಅದೂ ಸಿಲಿಕಾನ್–ಆಮ್ಲಜನಕದ ಬಲೆಯೇ. ಕ್ಷಾರ ಅದರ ಮೈಯನ್ನೂ ಕೆರೆದಿದೆ, ಸಿಲಿಕೋನೇಟ್ ಅಲ್ಲೇ ಕೊಂಡಿ ಹಾಕಿಕೊಂಡು ಕೂತಿದೆ. ಇಟ್ಟಿಗೆಯಲ್ಲಿ ಏನು ಬೇಕಿತ್ತೋ ಅದು ಗಾಜಿನಲ್ಲಿ ಆಗಿದೆ. ಒದ್ದೆ ಇರುವಾಗಲೇ ನೀರಿನಿಂದ ತೊಳೆದಿದ್ದರೆ ಉಳಿಯುತ್ತಿತ್ತು.

ಹಂತ 6. ಮೇ 10: ಪ್ಲಾಸ್ಟರ್ ಕೈಕೊಟ್ಟಿತು

ಮೇ ತಿಂಗಳ ಗುಡುಗು ಮಳೆಯೊಂದರ ಮರುದಿನ ಗೋಡೆ ನೋಡಿದೆ. ಮೇಲಿನ ಇಟ್ಟಿಗೆ ಒಣಗಿ ತಿಳಿ ಕೆಂಪಾಗಿತ್ತು. ಕೆಳಗಿನ ಮೂರಡಿ ಗಾಢ ಬೂದು. ಗೆರೆ ಎಳೆದ ಹಾಗೆ ಎರಡು ಬಣ್ಣ. ಸಿರಿಂಜು ಇಟ್ಟೆ. ಇಟ್ಟಿಗೆ ಇನ್ನೂ 0.2. ಪ್ಲಾಸ್ಟರ್ 20 ನಿಮಿಷಕ್ಕೆ 3.5 ಮಿಲಿ.

ಒಂದೇ ಡಬ್ಬ, ಒಂದೇ ದಿನ, ಒಂದೇ ಕೈ. ಆದರೂ ಒಂದು ಉಳಿಯಿತು, ಒಂದು ಹೋಯಿತು. ಎರಡು ದಿನ ತಲೆ ಕೆಡಿಸಿಕೊಂಡೆ. ಮೂರನೇ ದಿನ ಅವ್ವ ದೇವರ ಮನೆಯಲ್ಲಿ ಆರತಿಗೆ ಕೆಂಪು ನೀರು ಕದಡುತ್ತಿದ್ದರು. ಅರಿಶಿನಕ್ಕೆ ಚಿಟಿಕೆ ಸುಣ್ಣ. ಹಳದಿ ಒಂದೇ ಸಲಕ್ಕೆ ರಕ್ತ ಕೆಂಪು.

ಅರಿಶಿನವನ್ನು ಸ್ಪಿರಿಟ್ಟಿನಲ್ಲಿ ಕದಡಿ, ಸೋಸಿ, ಬಿಳಿ ಕಾಗದದ ಪಟ್ಟಿಗಳನ್ನು ಅದ್ದಿ ಒಣಗಿಸಿದೆ. ಪ್ಲಾಸ್ಟರನ್ನು ಎರಡು ಮಿಲಿಮೀಟರ್ ಕೆರೆದು, ನೀರು ತಾಗಿಸಿ ಪಟ್ಟಿ ಒತ್ತಿದೆ. ತಕ್ಷಣ ಕೆಂಪು. ಮೇಲಿನ ಇಟ್ಟಿಗೆಗೆ ಒತ್ತಿದೆ, ಹಳದಿ ಹಳದಿಯಾಗೇ ಇತ್ತು. ಇಟ್ಟಿಗೆಗಳ ನಡುವಿನ ಹಳೇ ಸುಣ್ಣದ ಗಾರೆಗೆ ಒತ್ತಿದೆ, ಅದೂ ಹಳದಿ. ಅಷ್ಟು ವರ್ಷದಲ್ಲಿ ಗಾಳಿ ಕುಡಿದು ಆ ಸುಣ್ಣ ಎಂದೋ ಕಲ್ಲಾಗಿದೆ. ಅವ್ವನಿಗೆ ಪಟ್ಟಿ ತೋರಿಸಿದರೆ, "ಅರಿಶಿನಕ್ಕೆ ಸುಣ್ಣ ತಾಗಿದ್ರೆ ಕೆಂಪಾಗದೆ ಇನ್ನೇನಾಗ್ತದೆ?" ಅಂದರು. ಅಷ್ಟೇ ಸರಳ. ಫೆಬ್ರವರಿಯಲ್ಲೇ ಈ ಪಟ್ಟಿ ಒತ್ತಿದ್ದರೆ ಸಾಕಿತ್ತು.

ಹೊಸ ಸಿಮೆಂಟಿನೊಳಗೆ ಬಿಡಿ ಸುಣ್ಣ ತುಂಬಿರುತ್ತದೆ, ಪಿಎಚ್ 12ಕ್ಕಿಂತ ಮೇಲೆ. ಗಾಳಿ ನನ್ನ ಪೊಟ್ಯಾಶನ್ನು ಕೊಂದಿತ್ತು, ಕೊಂಡಿಗಳು ಕೂಡಿದ್ದವು, ಏಪ್ರಿಲ್‌ನಲ್ಲಿ ಹನಿ ಉರುಳುತ್ತಿತ್ತು. ಆದರೆ ಪ್ರತಿ ಮಳೆಗೂ ಒಳಗಿನಿಂದ ಹೊಸ ಕ್ಷಾರ ಮೇಲೆ ಬಂದು ಅದೇ ಕೊಂಡಿಗಳನ್ನು ಮತ್ತೆ ಬಿಡಿಸುತ್ತಿತ್ತು. ಮೀಥೈಲ್ ತೀರ ಚಿಕ್ಕದು. ಪಕ್ಕದಲ್ಲಿದ್ದರೂ ಸಿಲಿಕಾನನ್ನು ಮರೆ ಮಾಡಲಾರದು, ಹೈಡ್ರಾಕ್ಸೈಡ್ ನೇರ ಒಳಗೆ ನುಗ್ಗುತ್ತದೆ. ಜನವರಿಯಲ್ಲಿ ಡಬ್ಬದಲ್ಲಿ ನಾನೇ ಬೇಕಂತ ಮಾಡಿದ್ದನ್ನು ಪ್ಲಾಸ್ಟರ್ ತಾನಾಗಿ, ನಿಧಾನಕ್ಕೆ ಮಾಡಿತ್ತು.

ಪರೀಕ್ಷೆಯಲ್ಲಿ ನಾನು ಇಟ್ಟಿಗೆ ಮಾತ್ರ ಇಟ್ಟಿದ್ದೆ. ಹೊಸ ಪ್ಲಾಸ್ಟರಿನ ಒಂದು ತುಂಡನ್ನೂ ಇಟ್ಟಿರಲಿಲ್ಲ. ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಬೇಜಾರಾದ ತಪ್ಪು ಇದೇ.

ಪಟ್ಟಿ ಬಳಸುವವರಿಗೆ ಒಂದು ಮಾತು: ಸಿಲಿಕೋನೇಟ್ ಬಳಿದ ಹೊಸದರಲ್ಲಿ ಇಟ್ಟಿಗೆಯೂ ಪಟ್ಟಿಯನ್ನು ಕೆಂಪು ಮಾಡುತ್ತದೆ, ಉಳಿದ ಪೊಟ್ಯಾಸಿಯಮ್ ಕಾರ್ಬೊನೇಟಿನಿಂದ. ಅದಕ್ಕೆ ಬಳಿಯುವ ಮೊದಲೇ ಒತ್ತಿ ನೋಡಿ.

ಹಂತ 7. ಮೇ 17–25: ಪ್ಲಾಸ್ಟರಿಗೆ ಬೇರೆ ಮದ್ದು

ಸುಣ್ಣ ಪೂರ್ತಿ ಸಾಯುವವರೆಗೆ ಕಾಯಲು ಸಮಯ ಇರಲಿಲ್ಲ, ಮಳೆ ಬಾಗಿಲಲ್ಲೇ ಇತ್ತು. ಆಕ್ಟೈಲ್ ಟ್ರೈಈಥಾಕ್ಸಿ ಸೈಲೇನ್ ಇರುವ ದ್ರವ ತರಿಸಿದೆ, ಎರಡು ಲೀಟರ್ ₹1,640. ಇದರಲ್ಲಿ ಮೀಥೈಲ್ ಜಾಗದಲ್ಲಿ ಎಂಟು ಇಂಗಾಲದ ಉದ್ದ ಬಾಲ ಇದೆ. ಕೊಂಡಿ ಕೂಡಿದ ಮೇಲೆ ಆ ಬಾಲಗಳು ಹುಲ್ಲಿನ ಸೂರಿನ ಹಾಗೆ ಮುಚ್ಚಿಕೊಳ್ಳುತ್ತವೆ, ಕ್ಷಾರದ ನೀರಿಗೆ ಸಿಲಿಕಾನ್ ಸಿಗುವುದಿಲ್ಲ. ಸಿಮೆಂಟಿನ ಕ್ಷಾರ ಇದಕ್ಕೆ ವೈರಿಯಲ್ಲ, ಬೇಕಾದ ನೆರವು. ಸಿಲಿಕಾನಿಗೆ ಅಂಟಿದ ಈಥಾಕ್ಸಿ ಗುಂಪುಗಳನ್ನು (ಇವು ಎಥೆನಾಲ್ ಆಗಿ ಹೊರಬರುತ್ತವೆ) ಬಿಡಿಸಿ ಕೊಂಡಿ ಕೂಡಿಸುವುದನ್ನು ಕ್ಷಾರ ಬೇಗ ಮಾಡಿಸುತ್ತದೆ.

ಈ ಸಲ ಮೊದಲು ಪರೀಕ್ಷೆ ಮಾಡಿದೆ. ಪ್ಲಾಸ್ಟರಿನ ಮೂಲೆಯಲ್ಲಿ ಒಂದಡಿ, ಜೊತೆಗೆ ಒಂದು ಹಳೇ ಇಟ್ಟಿಗೆ. ಪ್ಲಾಸ್ಟರಿನ ಹತ್ತಿರ ಮೂಗು ತಂದರೆ ಅರ್ಧ ಗಂಟೆಯಲ್ಲಿ ಸ್ಪಿರಿಟ್ ವಾಸನೆ, ಬಿಡುಗಡೆಯಾದ ಎಥೆನಾಲ್. ಮಾರನೇ ದಿನ ಹನಿ ಉರುಳಿತು. ಇಟ್ಟಿಗೆ ನಾಲ್ಕನೇ ದಿನಕ್ಕೂ ಅರೆಬರೆ. ಕ್ಷಾರ ಇಲ್ಲದ ಕಡೆ ಅದು ನಿಧಾನ. ಗೋಡೆಯ ಎರಡು ಭಾಗಕ್ಕೆ ಎರಡು ಮದ್ದು ಅನ್ನುವುದು ಖಚಿತವಾಯಿತು.

21ಕ್ಕೆ 66 ಚದರಡಿಗೆ ನಾನೇ ಬ್ರಶ್ಶಿನಲ್ಲಿ ಬಳಿದೆ. ಒಂದೂ ಮುಕ್ಕಾಲು ಲೀಟರ್ ಹಿಡಿಯಿತು. 25ಕ್ಕೆ ಅಳತೆ: 20 ನಿಮಿಷಕ್ಕೆ 0.2 ಮಿಲಿ.

ಹಂತ 8. ಜೂನ್–ಆಗಸ್ಟ್: ಮಳೆ

ಜೂನ್ ಕೊನೆಯವರೆಗೆ ಒಳಗೋಡೆ ಒಣಗಿತ್ತು. ಜುಲೈನಲ್ಲಿ ಒಂದು ವಾರ ಬಿಡದೆ ಹೊಯ್ಯಿತು. ಆಗಲೂ ಕಪ್ಪು ಚುಕ್ಕೆ ಬರಲಿಲ್ಲ. ಮಳೆ ನಿಂತ ಒಂದು ಗಂಟೆಗೆ ಹೊರಗೋಡೆ ಒಣಗಿದ ಹಾಗೆ ಕಾಣುತ್ತಿತ್ತು. ಹಿಂದಿನ ವರ್ಷಗಳಲ್ಲಿ ಸೆಪ್ಟೆಂಬರ್ ಬಿಸಿಲಿಗೇ ಅದು ಒಣಗುತ್ತಿದ್ದದ್ದು. ಆಗಸ್ಟ್ 3ಕ್ಕೆ, ಮದ್ದು ಸೊಪ್ಪಿನ ಪಾಯಸ ಮಾಡಿದ ದಿನ, ಬೀರು ಗೋಡೆಗೆ ತಾಗಿಯೇ ಇತ್ತು. ಅವ್ವ ಹಿಂದಕ್ಕೆ ಕೈ ಹಾಕಿ ಗೋಡೆ ಸವರಿ ನೋಡಿದರು. ಆಗಸ್ಟ್ 9ಕ್ಕೆ ಒಂದು ಬಿಡುವಿನಲ್ಲಿ ಅಳೆದೆ: ಇಟ್ಟಿಗೆ 0.3, ಪ್ಲಾಸ್ಟರ್ 0.3.

ಒಂದು ಜಾಗ ಬಿಟ್ಟು. ಬಲ ಕಿಟಕಿಯ ಕೆಳಗೆ, ಮೂಲೆಯಿಂದ ಓರೆಯಾಗಿ ಇಳಿದ ಒಂದು ಬಿರುಕು ಇದೆ, ಅಗಲ ಸುಮಾರು ಒಂದು ಮಿಲಿಮೀಟರ್. ಅಲ್ಲಿ ಒಳಗಡೆ ಅಂಗೈ ಅಗಲದ ಒದ್ದೆ ಕಂಡಿತು. ಸಿರಿಂಜು ಇಟ್ಟರೆ 5 ಮಿಲಿ ಎರಡೇ ನಿಮಿಷಕ್ಕೆ ಹೋಯಿತು. ಸಿಲಿಕೋನೇಟ್ ಇಟ್ಟಿಗೆಯ ಸಣ್ಣ ರಂಧ್ರಗಳ ಗೋಡೆಗೆ ಒಳಪೊರೆ ಹಾಕುತ್ತದೆ, ರಂಧ್ರವನ್ನು ತುಂಬುವುದಿಲ್ಲ. ಅದಕ್ಕೇ ಗೋಡೆ ಒಳಗಿನ ತೇವವನ್ನು ಆವಿಯಾಗಿ ಬಿಡಬಲ್ಲದು. ಬಿರುಕು ಮುಚ್ಚುವುದು ಅದರ ಕೆಲಸವಲ್ಲ. ಫೆಬ್ರವರಿಯಲ್ಲಿ ಮೇಸ್ತ್ರಿ ಆ ಬಿರುಕನ್ನು ತೋರಿಸಿ, "ಇದನ್ನ ಮೊದಲು ಕೆತ್ತಿ ಗಾರೆ ತುಂಬುವ" ಅಂದಿದ್ದರು. ಮದ್ದು ನೋಡಿಕೊಳ್ಳುತ್ತದೆ ಅಂತ ನಾನೇ ಬೇಡ ಅಂದಿದ್ದೆ. ಅವರ ಮಾತು ಕೇಳಬೇಕಿತ್ತು, ಅದನ್ನು ಅವರಿಗೆ ಹೇಳಿಯೂ ಇದ್ದೇನೆ.

ಹಂತ 9. ಸೆಪ್ಟೆಂಬರ್: ಲೆಕ್ಕ, ಉಳಿದ ಕೆಲಸ

ಖರ್ಚು: ಕಾಸ್ಟಿಕ್ ಪೊಟ್ಯಾಶ್ ಅರ್ಧ ಕಿಲೋ ₹210, ಐಸೊಪ್ರೊಪೈಲ್ ಒಂದು ಲೀಟರ್ ₹260, ಸಿಲಿಕೋನೇಟ್ ₹2,100, ಸೀಲೆಂಟ್ ₹960, ಸೈಲೇನ್ ₹1,640, ಗವಸು ಮತ್ತು ಕನ್ನಡಕ ₹380, ಮೇಸ್ತ್ರಿಯ ಎರಡು ದಿನದ ಕೂಲಿ ₹2,200. ಒಟ್ಟು ₹7,750, ಪ್ಲಾಸ್ಟರಿನ ಖರ್ಚು ಬಿಟ್ಟು. ಹೂಮಳೆಗೆ ಹೋದ ಒಂದು ದಿನದ ಕೂಲಿ ₹1,100 ಇದರಲ್ಲೇ ಸೇರಿದೆ. ಸಿಲಿಕೋನೇಟ್ ಇನ್ನೂ ಮೂರು ಲೀಟರ್‌ಗಿಂತ ಜಾಸ್ತಿ ಉಳಿದಿದೆ. ಡಬ್ಬದ ಮುಚ್ಚಳ ಗಾಳಿಯಾಡದ ಹಾಗೆ ಬಿಗಿದಿಟ್ಟಿದ್ದೇನೆ, ಇಲ್ಲದಿದ್ದರೆ ಅದು ಡಬ್ಬದಲ್ಲೇ ಗಟ್ಟಿಯಾಗುತ್ತದೆ.

ಕೈಲ್ ಪೊಳ್ದ್ ಹಬ್ಬ ಮುಗಿದ ವಾರ ಮೇಸ್ತ್ರಿ ಬಂದು ಬಿರುಕು ಅಳೆದು ಹೋದರು. ಹುತ್ತರಿ ಹಬ್ಬ ಮುಗಿದು ಗೋಡೆ ಪೂರ್ತಿ ಒಣಗಿದ ಮೇಲೆ ಅದನ್ನು ಇಂಗ್ಲಿಷಿನ ವಿ ಅಕ್ಷರದ ಹಾಗೆ ಕೆತ್ತಿ ತುಂಬುತ್ತಾರೆ. ಸಿಮೆಂಟ್ ಬೇಡ, ಹಳೇ ಗೋಡೆಗೆ ಹೊಂದುವ ಸುಣ್ಣದ ಗಾರೆಯೇ ಇರಲಿ ಅಂತ ಇಬ್ಬರೂ ಒಪ್ಪಿದ್ದೇವೆ. ಹೊಸ ಸುಣ್ಣ ಅಂದ ಮೇಲೆ ಅಲ್ಲಿ ಸಿಲಿಕೋನೇಟ್ ನಿಲ್ಲುವುದಿಲ್ಲ. ಆ ಗೆರೆಗೆ ಉಳಿದ ಕಾಲು ಲೀಟರ್ ಸೈಲೇನ್ ಸಾಕು. ಬಲ ಕಿಟಕಿಯ ಗಾಜಿಗೆ ಅಳತೆ ಕೊಟ್ಟಿದ್ದೇನೆ. ಅರಿಶಿನದ ಪಟ್ಟಿಗಳು ಒಂದು ಡಬ್ಬಿಯಲ್ಲಿವೆ, ಕಿಟಕಿಯ ಪಕ್ಕದ ಮೊಳೆಗೆ ನೇತು ಹಾಕಿದ್ದೇನೆ.